ಹಸು ಕುತ್ತಿಗೆ ಬೆಲ್ಟ್: ಬೆದೆ ಹಿಡಿಯೋಕೆ ಸೂಪರ್, ಡೇಟಾ ವಿಷಯದಲ್ಲಿ ಮಾತ್ರ ತಕರಾರಿದೆ

ನಮ್ ಕಡೆ ಹತ್ತು ಹದಿನೈದು ಸೀಮೆ ಹಸು ಕಟ್ಟಿರೋರು ಈ ಬೆಲ್ಟ್ ತಗೋಬೋದಾ ಅಂತ ಕೇಳ್ತಾನೇ ಇದೀರ, ಅದಕ್ಕೇ ಬರೀತಿದೀನಿ. ಕಂಪನಿ ಹೆಸರು ಬೇಡ ಬಿಡಿ. ಹಸು ಎಷ್ಟು ಅಲ್ಲಾಡ್ತು, ಎಷ್ಟು ಮೇಯ್ತು, ಎಷ್ಟು ಹೊತ್ತು ಮೆಲುಕು ಹಾಕ್ತು ಅಂತ ಕುತ್ತಿಗೆ ಅಲುಗಾಟದಲ್ಲೇ ಲೆಕ್ಕ ಹಾಕಿ ಫೋನಿಗೆ ಕಳಿಸುತ್ತೆ, ಅಷ್ಟೇ. ನಮಗೆ ಬೆಲ್ಟ್ ಬಾಡಿಗೆಗೆ, ಅದೂ ಸ್ವಲ್ಪ ಕಮ್ಮಿಗೆ ಕೊಟ್ರು, ಯಾಕಂದ್ರೆ ನಮ್ ಕೊಟ್ಟಿಗೆ ಲೆಕ್ಕಾಚಾರ ಎಲ್ಲಾ ಅವರ ರೀಸರ್ಚಿಗೆ ಕೊಡ್ತೀವಿ ಅಂತ ಸೈನ್ ಹಾಕಿದೀವಿ.

ಮೊದಲು ಒಳ್ಳೇದು ಹೇಳ್ತೀನಿ. ಬೆದೆ, ಅಂದ್ರೆ ಹಸು ಗಬ್ಬ ಕಟ್ಟೋಕೆ ತಯಾರಾಗೋ ಹೊತ್ತು, ಬರೋದು 21 ದಿನಕ್ಕೊಂದ್ಸಲ, ಅದೂ ಹೆಚ್ಚಂದ್ರೆ 12-18 ಗಂಟೆ ಇರುತ್ತೆ, ಅರ್ಧಕ್ಕರ್ಧ ರಾತ್ರಿ ಹೊತ್ತೇ ಬರುತ್ತೆ, ನಮ್ ಹಸುಗಳು ಗೂಟದಲ್ಲೇ ಕಟ್ಟಿರ್ತವೆ, ಬೆದೆಗೆ ಬಂದಾಗ ಒಂದರ ಮೇಲೊಂದು ಹತ್ತೋದನ್ನ ನೋಡೋಕೆ ಆಗೋದೇ ಇಲ್ಲ, ಇನ್ನು ಮೂಕ ಬೆದೆ (ಕೂಗಾಟ, ಚಡಪಡಿಕೆ ಏನೂ ತೋರಿಸದ ಬೆದೆ) ಬರೋ ಹಸು ಇದ್ರಂತೂ ಲೋಳೆ ಕಾಣಿಸದಿದ್ರೆ ಮುಗೀತು, 21 ದಿನದ ಮೇವು ಹಿಂಡಿ ದಂಡ. ಬೆಲ್ಟ್ ಹಾಕಿದ ಮೇಲೆ ಬೆಳಗಿನ ಜಾವ ಹಾಲು ಕರಿಯೋಕೆ ಎದ್ದಾಗಲೇ ಮೆಸೇಜ್ ಬಂದಿರುತ್ತೆ. ಬೆಳಿಗ್ಗೆ ಬೆದೆ ಅಂದ್ರೆ ಸಂಜೆಗೆ ಡಾಕ್ಟ್ರಿಗೆ ಫೋನ್, ಸಂಜೆ ಅಂದ್ರೆ ಮಾರನೇ ಬೆಳಿಗ್ಗೆ ಸೆಮೆನ್ ಹಾಕ್ಸೋದು. ಇದೊಂದಕ್ಕೇ ಬಾಡಿಗೆ ಗಿಟ್ಟುತ್ತೆ ಅಂತ ನನ್ ಲೆಕ್ಕ.

ಕಾಯಿಲೆ ಅಲರ್ಟ್ ಮಾತ್ರ ಹಂಗೂ ಹಿಂಗೂ. ಚೆನ್ನಾಗಿರೋ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತೆ, ಅದು ಇಳಿದ್ರೆ ಏನೋ ಇದೆ ಅಂತರ್ಥ, ಸರಿ. ಆದ್ರೆ ಬೆದೆಗೆ ಬಂದ್ರೂ ಇಳಿಯುತ್ತೆ, ಬಿಸಿಲು ಜಾಸ್ತಿ ಆದ್ರೂ ಇಳಿಯುತ್ತೆ, ಹಸಿ ಜೋಳದ ಕಡ್ಡಿಯಿಂದ ಸೈಲೇಜಿಗೆ (ಗಾಳಿ ಆಡದಂಗೆ ಹುದುಗಿಸಿಟ್ಟ ಮೇವು) ಬದಲಾಯ್ಸಿದ್ರೂ ವ್ಯತ್ಯಾಸ ಆಗುತ್ತೆ. ಬೆಲ್ಟಿಗೆ ಅದೆಲ್ಲ ಏನ್ ಗೊತ್ತು? ಕೆಚ್ಚಲು ಬಾವು ಅಂತ ಅದು ಹೇಳೋದಿಲ್ಲ, 'ಹಸು ನೋಡಿ' ಅನ್ನುತ್ತೆ ಅಷ್ಟೇ, ನೋಡ್ಬೇಕಾದೋರು ನಾವೇ.

ರೀಸರ್ಚ್ ಬೇಕಿರೋದೇ ಇಲ್ಲಿ ನೋಡಿ. ಈ ಥರ ಮಷೀನ್‌ಗಳು ಜಾಸ್ತಿ ಪಳಗಿರೋದು ಹೊರದೇಶದಲ್ಲಿ ಬಿಟ್ಟು ಸಾಕೋ ಹಸುಗಳ ಮೇಲೆ, ನಮ್ ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ) ಹಗ್ಗದಲ್ಲಿರುತ್ತೆ. ಅದಕ್ಕೆ ವೆಟರ್ನರಿ ಓದ್ತಿರೋ ಒಂದು ಹುಡುಗಿ ಬರ್ತಿತ್ತು, ಹಸು ಮುಂದೆ ಸ್ಟೂಲ್ ಹಾಕ್ಕೊಂಡು ಕೂತು, ಗಂಟಲಿಂದ ಉಂಡೆ ಮೇಲೆ ಬಂದಾಗ ಫೋನ್ ಒತ್ತೋದು, ಒಂದು ಉಂಡೆಗೆ ಐವತ್ತು ಅರವತ್ತು ಸಲ ಅಗಿಯುತ್ತಲ್ಲ ಅದನ್ನ ಎಣಿಸೋದು, ನುಂಗಿದ ತಕ್ಷಣ ಮತ್ತೆ ಒತ್ತೋದು. ನಮ್ಮಮ್ಮ 'ಏನವ್ವಾ ಇದು ಕೆಲ್ಸ' ಅಂತ ನಕ್ಕಿದ್ದೇ ನಕ್ಕಿದ್ದು. 'ಅಮ್ಮ, ಬೆಲ್ಟ್ ಹೇಳೋದು ನಿಜಾನಾ ಸುಳ್ಳಾ ಅಂತ ಹಿಂಗೇ ಗೊತ್ತಾಗೋದು' ಅಂತು. ಬೆಲ್ಟ್ ಕಂಪನಿ ಸೇಲ್ಸ್ ಹುಡುಗರಿಗಿಂತ ಈ ಹುಡುಗಿ ಹತ್ರ ನಾನು ಕಲ್ತಿದ್ದು ಜಾಸ್ತಿ.

ರೀಸರ್ಚಿಗೆ ಅಂತ ನಮಗೂ ಇನ್ನೊಂದು ಕೆಲ್ಸ ಹಚ್ಚಿದ್ರು, ಒಂದೊಂದು ಹಸು ಹಾಲು ಬೇರೆ ಬೇರೆ ತೂಗಿ ಬರೀಬೇಕು. ಡೈರಿ ಚೀಟೀಲಿ ಲೀಟರ್, ಫ್ಯಾಟು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಲ್ಲಿರೋ ಉಳಿದ ಗಟ್ಟಿ ಅಂಶ) ಬರುತ್ತಲ್ಲ ಅಂದ್ರೆ, ಅದು ಕ್ಯಾನಲ್ಲಿ ಎಲ್ಲಾ ಸೇರಿರೋ ಹಾಲಿಂದು, ಯಾವ ಹಸು ಇಳಿಸ್ತು ಅಂತ ಅದರಲ್ಲಿ ಸಿಗಲ್ಲ. ಬಕೆಟ್ಟು, ನೇತಾಕೋ ತಕ್ಕಡಿ, ಗೋಡೆ ಮೇಲೆ ಒಂದು ಹಾಳೆ, ಕಿವಿ ಓಲೆಯ 12 ಅಂಕಿ ನಂಬರಲ್ಲಿ ಕೊನೇ ನಾಲ್ಕು ಬರ್ಕೊಂಡ್ರೆ ಸಾಕು. ಬೇಜಾರಿನ ಕೆಲ್ಸ, ಆದ್ರೆ ಯಾವ ಹಸು ತಿನ್ನೋದು ಜಾಸ್ತಿ ಕೊಡೋದು ಕಮ್ಮಿ ಅಂತ ಆ ಹಾಳೇಲೇ ಗೊತ್ತಾಗಿದ್ದು, ಒಂದನ್ನ ಮಾರಿದ್ದೂ ಆಯ್ತು.

ಈಗ ತಕರಾರು. ಆ್ಯಪ್ ಪೂರ್ತಿ ಇಂಗ್ಲಿಷು. ಕರೆಂಟ್ ಹೋಗಿ, ಬೆಲ್ಟಿನ ಸಿಗ್ನಲ್ ಹಿಡಿಯೋ ಕೊಟ್ಟಿಗೆ ಬಾಕ್ಸ್ ಆಫ್ ಆದ್ರೆ ಬೆದೆ ಮುಗಿದ ಮೇಲೆ ಮೆಸೇಜ್ ಬರುತ್ತೆ. ಬೆಲ್ಟ್ ಬಿಗಿ ಮಾಡಿದ್ರೆ ಕೂದಲು ಉದುರುತ್ತೆ, ಸಡಿಲ ಬಿಟ್ರೆ ಲೆಕ್ಕ ತಪ್ಪುತ್ತೆ. ಇದೆಲ್ಲಾ ಹೋಗ್ಲಿ, ನಮ್ ಹಸುಗಳದ್ದೇ ಹಳೇ ಲೆಕ್ಕ ಎಕ್ಸೆಲ್ಲಲ್ಲಿ ಕೊಡಿ ಅಂದ್ರೆ ಇವತ್ತು ನಾಳೆ ಅಂತ ಆಟ ಆಡ್ಸಿದ್ರು, ಬಾಡಿಗೆ ನಿಲ್ಲಿಸಿದ್ರೆ ಆ್ಯಪೂ ಬಂದ್, ಹಿಂದಿಂದೂ ಕಾಣಲ್ವಂತೆ! ಮೇವು ನಮ್ದು, ಸಗಣಿ ಬಾಚೋದು ನಾವು, ಬರೆಯೋದೂ ನಾವು, ಲೆಕ್ಕ ಮಾತ್ರ ಅವರ ಹತ್ರಾನಾ?

ಒಂದೆರಡು ಹಸು ಇರೋರು ತಗೋಬೇಡಿ, ಆ ದುಡ್ಡಿಗೆ ಖನಿಜ ಮಿಶ್ರಣ ತಂದು ಹಾಕಿ. ಹತ್ತರ ಮೇಲಿದ್ರೆ ತಗೊಳ್ಳಿ, ಮೊದಲು ಎರಡು ಮೂರಕ್ಕೆ ಕಟ್ಟಿ ನೋಡಿ. ನಾನು ಇನ್ನೊಂದು ವರ್ಷಕ್ಕೆ ಮುಂದುವರಿಸಿದೀನಿ, ಆದ್ರೆ ಪ್ರತಿ ತಿಂಗಳು ಡೇಟಾ ನನಗೂ ಕಳಿಸ್ಬೇಕು ಅಂತ ಅಗ್ರಿಮೆಂಟಲ್ಲಿ ಬರೆಸ್ಕೊಂಡೇ ಈ ಸಲ ಸೈನ್ ಹಾಕಿದ್ದು.