ಐಫೋನಿನ ‘ಸೇಫ್ಟಿ ಚೆಕ್’ ವಿಮರ್ಶೆ: ಸಾಧನ ಒಳ್ಳೆಯದು, ಅವಸರ ಬೇಡ

ಹೆಣ್ಣುಮಕ್ಕಳ ಸುರಕ್ಷತೆಗೆಂದು ಫೋನಿಗೆ ಸೇರಿಸುವ ಸೌಲಭ್ಯಗಳು ಬಹುಪಾಲು ದಾರಿಯಲ್ಲಿ ಎದುರಾಗುವ ಅಪರಿಚಿತನನ್ನು ನೆನೆದು ಮಾಡಿದವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜು ಬೇರೆ ಕಡೆಗೆ ಬೆರಳು ತೋರಿಸುತ್ತದೆ: ಸಂಗಾತಿಯೊಂದಿಗೆ ಬಾಳಿದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 27 ಮಂದಿ ಆ ಸಂಗಾತಿಯಿಂದಲೇ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಅಂಥ ಮನೆಯಲ್ಲಿ ಹೊಡೆಯುವವನಿಗೆ ಪಾಸ್‌ಕೋಡ್ ಗೊತ್ತಿರುತ್ತದೆ. ಫೋನ್ ಕೊಡಿಸಿದವನೂ, ಅದರಲ್ಲಿ ಅಕೌಂಟ್ ಮಾಡಿಕೊಟ್ಟವನೂ ಎಷ್ಟೋ ಸಲ ಅವನೇ. ‘ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಮಾತಾಡಿದೆ’ ಎಂದು ಅವನು ಕೇಳುವ ಹೊತ್ತಿಗೆ ಉತ್ತರ ಅವನ ಬಳಿ ಇರುತ್ತದೆ. 2022ರಲ್ಲಿ ಐಫೋನಿನ ತಂತ್ರಾಂಶವಾದ ಐಓಎಸ್ 16ರ ಜೊತೆ ಬಂದ ‘ಸೇಫ್ಟಿ ಚೆಕ್’ ಈ ಒಳಮನೆಯ ಕಣ್ಗಾವಲನ್ನೇ ಗುರಿಯಾಗಿಸಿಕೊಂಡಿದೆ. ಅದಕ್ಕಾಗಿಯೇ ಇದನ್ನು ಕೂಲಂಕಷವಾಗಿ ನೋಡಬೇಕು ಅನ್ನಿಸಿತು.

ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಗೆ ಹೋಗಿ ಕೆಳಗಿಳಿದರೆ ‘ಸೇಫ್ಟಿ ಚೆಕ್’ ಸಿಗುತ್ತದೆ. ಆಪಲ್ ಅಕೌಂಟಿಗೆ ಎರಡು ಹಂತದ ದೃಢೀಕರಣ (ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಕೋಡನ್ನೂ ಕೇಳುವ ವ್ಯವಸ್ಥೆ) ಹಾಕಿರಬೇಕು, ಇಲ್ಲದಿದ್ದರೆ ಇದು ಕೆಲಸ ಮಾಡುವುದಿಲ್ಲ. ಒಳಗೆ ಎರಡು ದಾರಿಗಳಿವೆ. ‘ಎಮರ್ಜೆನ್ಸಿ ರೀಸೆಟ್’ ಎಂಬುದು ಜನರ ಜೊತೆಗೂ ಆ್ಯಪ್‌ಗಳ ಜೊತೆಗೂ ಹಂಚಿಕೊಂಡಿರುವುದನ್ನೆಲ್ಲ ಒಂದೇ ಏಟಿಗೆ ಕಡಿದುಹಾಕಿ, ಬೇರೆ ಸಾಧನಗಳಿಂದ ಅಕೌಂಟನ್ನು ಹೊರತೆಗೆಯಲು, ಪಾಸ್‌ವರ್ಡ್ ಬದಲಿಸಲು, ತುರ್ತು ಸಂಪರ್ಕಗಳನ್ನು ಪರಿಶೀಲಿಸಲು ಕರೆದೊಯ್ಯುತ್ತದೆ. ‘ಮ್ಯಾನೇಜ್ ಶೇರಿಂಗ್ ಅಂಡ್ ಆ್ಯಕ್ಸೆಸ್’ ನಿಧಾನದ ದಾರಿ: ಮೊದಲು ಯಾವ ವ್ಯಕ್ತಿಗೆ ಏನು ಕಾಣುತ್ತಿದೆ, ಆಮೇಲೆ ಯಾವ ಆ್ಯಪ್‌ಗೆ ಯಾವ ಅನುಮತಿ ಇದೆ, ಕೊನೆಗೆ ಅಕೌಂಟ್ ಯಾವ ಯಾವ ಸಾಧನದಲ್ಲಿ ತೆರೆದಿದೆ.

ನಮ್ಮ ಮತ ಎರಡನೆಯದಕ್ಕೆ, ಅದೂ ಮೊದಲ ಸಲ ಏನನ್ನೂ ಬದಲಿಸದೆ ಬರೀ ಓದಿಕೊಂಡು ಬರುವುದಕ್ಕೆ. ಕಾರಣ ಸರಳ. ಹಂಚಿಕೆ ನಿಂತರೆ ಎದುರಿನವನಿಗೆ ಅದು ತಿಳಿಯುತ್ತದೆ. ನಿನ್ನೆಯವರೆಗೆ ನಕ್ಷೆಯಲ್ಲಿ ಕಾಣುತ್ತಿದ್ದ ಚುಕ್ಕಿ ಇವತ್ತು ಇಲ್ಲವೆಂದರೆ, ಹಿಡಿತ ಕೈತಪ್ಪುತ್ತಿದೆ ಎಂದು ಅವನಿಗೆ ಸೂಚನೆ ಸಿಕ್ಕಂತೆ. ಹಿಂಸೆಯ ಸಂಬಂಧದಲ್ಲಿ ಹೆಣ್ಣು ಬಿಟ್ಟುಹೋಗಲು ಹೊರಟ ಗಳಿಗೆಯೇ ಅತ್ಯಂತ ಅಪಾಯದ್ದು ಎಂಬುದು ಈ ಕ್ಷೇತ್ರದಲ್ಲಿ ದುಡಿಯುವವರೆಲ್ಲ ಬಲ್ಲ ಸಂಗತಿ. ಆದ್ದರಿಂದ ಎಲ್ಲಿಗೆ ಹೋಗುವುದು, ಯಾರ ಜೊತೆ ಹೋಗುವುದು ಎಂಬುದು ಮೊದಲು ಗಟ್ಟಿಯಾಗಬೇಕು, ರೀಸೆಟ್ ಆಮೇಲೆ. ಇನ್ನೊಂದು ನಷ್ಟವೂ ಇದೆ. ಕಡಿದುಹಾಕಿದ ಹಂಚಿಕೆಯ ಗುರುತು ಫೋನಿನಲ್ಲಿ ಉಳಿಯದೆ ಹೋಗಬಹುದು, ನಾಳೆ ದೂರು ಕೊಡುವಾಗ ಅದೇ ಸಾಕ್ಷಿ. ಪ್ರತಿ ಪರದೆಯನ್ನೂ ದಿನಾಂಕ, ಸಮಯ ಕಾಣುವಂತೆ ನಂಬಿಕಸ್ಥರ ಫೋನಿನಿಂದ ಫೋಟೊ ತೆಗೆಸಿಡುವುದು ಮೇಲು. ಅದೇ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಅದು ಹಂಚಿಕೊಂಡ ಫೋಟೊ ಸಂಗ್ರಹಕ್ಕೇ ಹೋಗಿ ಕುಳಿತುಕೊಳ್ಳುವ ಸಾಧ್ಯತೆ ಇದೆ.

ವಿನ್ಯಾಸದಲ್ಲಿ ಮೆಚ್ಚಬೇಕಾದದ್ದು ಮೇಲಿನ ಮೂಲೆಯ ‘ಕ್ವಿಕ್ ಎಕ್ಸಿಟ್’. ಯಾರೋ ಕೋಣೆಗೆ ಬಂದರು ಅನ್ನಿ, ಒಂದು ಸಲ ಮುಟ್ಟಿದರೆ ಪರದೆ ಸೀದಾ ಹೋಮ್ ಸ್ಕ್ರೀನಿಗೆ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ಮಾಡಿದ ಬದಲಾವಣೆಗಳು ಮಾತ್ರ ಉಳಿದಿರುತ್ತವೆ. ಹಾಗಾಗಿ ಅರ್ಧಕ್ಕೆ ಎದ್ದು ಬಂದವರು ‘ಏನೂ ಆಗಿಲ್ಲ’ ಎಂದುಕೊಳ್ಳಬಾರದು. ಮುಖದ ವಿಷಯವನ್ನೂ ಮರೆಯುವಂತಿಲ್ಲ. ಫೇಸ್ ಐಡಿಯಲ್ಲಿ ಎರಡನೆಯ ಮುಖವನ್ನು ಸೇರಿಸಲು ಅವಕಾಶವಿದೆ, ಆ ಎರಡನೆಯ ಮುಖ ಯಾರದು ಎಂದು ಫೋನ್ ತೋರಿಸುವುದಿಲ್ಲ. ಅನುಮಾನವಿದ್ದರೆ ಫೇಸ್ ಐಡಿಯನ್ನು ಪೂರ್ತಿ ರೀಸೆಟ್ ಮಾಡಿ, ಪಾಸ್‌ಕೋಡನ್ನೂ ಬದಲಿಸಬೇಕು. ಹಳೆಯ ಪಾಸ್‌ಕೋಡ್ ಗೊತ್ತಿದ್ದವನು ತನ್ನ ಮುಖವನ್ನು ಮತ್ತೆ ಸೇರಿಸಬಲ್ಲ.

ಇನ್ನು ಕೊರತೆ. ಸೇಫ್ಟಿ ಚೆಕ್‌ನ ಕೈ ಆಪಲ್‌ನ ಅಂಗಳದಾಚೆ ಚಾಚುವುದಿಲ್ಲ. ವಾಟ್ಸ್‌ಆ್ಯಪ್ ತೆಗೆದುಕೊಳ್ಳಿ. ‘ಲಿಂಕ್ಡ್ ಡಿವೈಸಸ್’ ಮೂಲಕ ಒಂದೇ ಅಕೌಂಟನ್ನು ಇನ್ನೂ ನಾಲ್ಕು ಸಾಧನಗಳಲ್ಲಿ ತೆರೆಯಬಹುದು. ಫೋನ್ ಕೈಗೆ ಸಿಕ್ಕಿ, ಅದರ ಪಾಸ್‌ಕೋಡೂ ಗೊತ್ತಿದ್ದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲು ಅರೆ ನಿಮಿಷ ಸಾಕು. ಆಮೇಲೆ ಅವನ ಕಂಪ್ಯೂಟರಿನಲ್ಲಿ ಇವಳ ಮಾತುಗಳೆಲ್ಲ ಓಡುತ್ತಿರುತ್ತವೆ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಆ ಪಟ್ಟಿ ತೆರೆದರೆ ಯಾವ ಸಾಧನ, ಕೊನೆಯ ಸಲ ಯಾವಾಗ ಬಳಕೆಯಾಯಿತು ಎಂಬುದು ಕಾಣುತ್ತದೆ. ಫೇಸ್‌ಬುಕ್, ಜಿಮೇಲ್, ಬ್ಯಾಂಕ್ ಆ್ಯಪ್ ಎಲ್ಲಕ್ಕೂ ಹೀಗೆಯೇ ಒಂದೊಂದಾಗಿ ನೋಡಬೇಕು. ಇಮೇಲ್ ಮೊದಲು. ಉಳಿದೆಲ್ಲ ಪಾಸ್‌ವರ್ಡುಗಳ ಬೀಗದ ಕೈ ಅಲ್ಲೇ ಇರುತ್ತದೆ.

ಆಂಡ್ರಾಯ್ಡ್ ಬಳಸುವವರಿಗೆ ಇಷ್ಟು ಅಚ್ಚುಕಟ್ಟಾಗಿ ಒಂದೇ ಕಡೆ ಸಿಗುವ ಸಾಧನ ಇಲ್ಲ, ಇದು ಬೇಸರದ ವಿಷಯ. ಕೈಯಾರೆ ಹುಡುಕಬೇಕು. ಗೂಗಲ್ ಅಕೌಂಟಿನ ಸೆಕ್ಯುರಿಟಿ ಪುಟದಲ್ಲಿ ತೆರೆದಿರುವ ಸಾಧನಗಳು, ಗೂಗಲ್ ಮ್ಯಾಪ್ಸ್‌ನಲ್ಲಿ ಲೊಕೇಶನ್ ಶೇರಿಂಗ್, ಪ್ಲೇ ಸ್ಟೋರ್‌ನಲ್ಲಿ ಅಪಾಯಕಾರಿ ಆ್ಯಪ್‌ಗಳನ್ನು ಹುಡುಕುವ ಪ್ಲೇ ಪ್ರೊಟೆಕ್ಟ್ ಸ್ಕ್ಯಾನ್. ಗೂಢಚಾರ ಆ್ಯಪ್‌ಗಳು ಹೆಚ್ಚಾಗಿ ಅಡಗುವುದು ‘ಆ್ಯಕ್ಸೆಸಿಬಿಲಿಟಿ’, ‘ಡಿವೈಸ್ ಅಡ್ಮಿನ್’, ‘ನೋಟಿಫಿಕೇಶನ್ ಆ್ಯಕ್ಸೆಸ್’ ಎಂಬ ಮೂರು ಪಟ್ಟಿಗಳಲ್ಲಿ, ಹೆಸರು ಮಾತ್ರ ‘ಸಿಸ್ಟಮ್ ಸರ್ವಿಸ್’ ಎಂಬಂಥದ್ದು. ಪ್ಲೇ ಪ್ರೊಟೆಕ್ಟ್ ಆಫ್ ಆಗಿದ್ದರೆ ಅದೇ ಒಂದು ಸುಳಿವು. ಫ್ಯಾಕ್ಟರಿ ರೀಸೆಟ್ ಮಾಡಿದರೆ ಇವು ಸಾಮಾನ್ಯವಾಗಿ ಹೋಗುತ್ತವೆ, ಆದರೆ ಹಳೆಯ ಬ್ಯಾಕಪ್ ಮರಳಿ ಹಾಕಿದರೆ ತೊಂದರೆಯೂ ಮರಳಬಹುದು, ಸಾಕ್ಷಿಯಂತೂ ಅಳಿಸಿಯೇ ಹೋಗುತ್ತದೆ. ಫೋನಿನಲ್ಲಿ ಇಂಥದ್ದು ಕುಳಿತಿದೆ ಎಂಬ ಶಂಕೆ ಇದ್ದರೆ ಸಹಾಯವಾಣಿಯ ಹುಡುಕಾಟವನ್ನು ಆ ಫೋನಿನಲ್ಲಿ ಮಾಡಲೇಬಾರದು. ಅವನು ಎಂದೂ ಮುಟ್ಟದ ಫೋನ್ ಬೇಕು: ಗೆಳತಿಯದೋ, ಕಚೇರಿಯದೋ.

ತುರ್ತು ಕರೆಯ ಬಗ್ಗೆ ಎರಡೇ ಮಾತು. ಐಫೋನಿನಲ್ಲೂ ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಪಕ್ಕದ ಪವರ್ ಗುಂಡಿಯನ್ನು ಐದು ಸಲ ಬೇಗ ಬೇಗ ಒತ್ತಿದರೆ ತುರ್ತು ಕರೆ ಶುರುವಾಗುವಂತೆ ಮಾಡಿಕೊಳ್ಳಬಹುದು. ಎಡವಟ್ಟು ಎಲ್ಲಿ ಎಂದರೆ, ಕರೆ ಹೋಗುವ ಮೊದಲು ಫೋನ್ ಜೋರಾಗಿ ಕೂಗಿಕೊಂಡು ಎಣಿಸುತ್ತದೆ. ಬೀದಿಯಲ್ಲಿ ಅದು ವರ, ಕದ ಹಾಕಿದ ಕೋಣೆಯಲ್ಲಿ ಅದೇ ಏಟಿಗೆ ಕಾರಣ. ಐಫೋನಿನ ‘ಎಮರ್ಜೆನ್ಸಿ ಎಸ್‌ಓಎಸ್’ ಸೆಟ್ಟಿಂಗ್‌ನಲ್ಲಿ ‘ಕಾಲ್ ಕ್ವಯಟ್ಲಿ’ ಆನ್ ಮಾಡಿದರೆ ಆ ಸದ್ದೂ ಫ್ಲ್ಯಾಶ್ ಬೆಳಕೂ ಬರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಎಣಿಕೆಯ ಅಲಾರಂ ಆಫ್ ಮಾಡುವ ಆಯ್ಕೆ ಇದೆಯೇ ಎಂದು ‘ಸೇಫ್ಟಿ ಅಂಡ್ ಎಮರ್ಜೆನ್ಸಿ’ಯಲ್ಲಿ ನೋಡಿಕೊಳ್ಳಬೇಕು. ತುರ್ತು ಸಂಪರ್ಕದ ಪಟ್ಟಿಯಲ್ಲಿ ಯಾರ ಹೆಸರಿದೆ ಎಂದೂ ನೋಡಿ. ಮದುವೆಯಾದ ಹೊಸತರಲ್ಲಿ ಹಾಕಿದ ಗಂಡನ ನಂಬರ್ ಅಲ್ಲೇ ಉಳಿದಿದ್ದರೆ, ಕರೆ ಮುಗಿದೊಡನೆ ಆಕೆ ಇರುವ ಜಾಗ ಅವನಿಗೇ ಸಂದೇಶವಾಗಿ ಹೋಗುತ್ತದೆ.

ಚೀಲದೊಳಗೆ, ಕಾರಿನ ಸೀಟಿನಡಿ ಅವಿತಿಡುವ ಏರ್‌ಟ್ಯಾಗ್‌ನಂಥ, ತಾವಿರುವ ಜಾಗವನ್ನು ಮಾಲೀಕರ ಫೋನಿಗೆ ತಿಳಿಸುವ ಬಿಲ್ಲೆಗಳ ವಿಷಯಕ್ಕೆ ಬಂದರೆ, 2024ರ ಮೇ ತಿಂಗಳಿಂದ ಆಪಲ್ ಮತ್ತು ಗೂಗಲ್ ಸೇರಿ, ಬೇರೆಯವರ ಬಿಲ್ಲೆ ಜೊತೆಗೆ ಸಾಗುತ್ತಿದೆ ಎಂಬ ಎಚ್ಚರಿಕೆಯನ್ನು ಎರಡೂ ಕಡೆಗೆ ತಂದಿವೆ: ಐಓಎಸ್ 17.5, ಆಂಡ್ರಾಯ್ಡ್ 6.0 ಮತ್ತು ನಂತರದವುಗಳಲ್ಲಿ. ಬ್ಲೂಟೂತ್ ಆನ್ ಇರಬೇಕು. ಎಚ್ಚರಿಕೆ ತಕ್ಷಣ ಬರುವುದಿಲ್ಲ, ಬಿಲ್ಲೆ ಸ್ವಲ್ಪ ಹೊತ್ತು ಜೊತೆಗೇ ಸಾಗಿದ ಮೇಲೆ ಬರುತ್ತದೆ. ಸಿಮ್ ಹಾಕಿದ ಜಿಪಿಎಸ್ ಯಂತ್ರಗಳನ್ನು ಇದು ಹಿಡಿಯುವುದೂ ಇಲ್ಲ, ಅವನ್ನು ಕಣ್ಣು, ಕೈಯಿಂದಲೇ ಹುಡುಕಬೇಕು. ಏರ್‌ಟ್ಯಾಗ್ ಸಿಕ್ಕಿತು ಅನ್ನಿ, ಅದರ ಬಿಳಿ ಬದಿಯನ್ನು ಎನ್‌ಎಫ್‌ಸಿ (ಹತ್ತಿರ ಹಿಡಿದರೆ ಮಾಹಿತಿ ಓದುವ ಸೌಲಭ್ಯ) ಇರುವ ಫೋನಿನ ಬೆನ್ನಿಗೆ ತಾಗಿಸಿದರೆ ಸೀರಿಯಲ್ ನಂಬರ್ ಇರುವ ಪುಟ ತೆರೆಯುತ್ತದೆ, ಮಾಲೀಕರ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಗಳೂ ಸಿಗಬಹುದು. ಅದರ ಫೋಟೊ ತೆಗೆದಿಟ್ಟ ಮೇಲೆ, ಸುರಕ್ಷಿತವಾದ ಜಾಗದಲ್ಲಿ ನಿಂತು, ಹೊಳೆಯುವ ಉಕ್ಕಿನ ಮುಚ್ಚಳವನ್ನು ಅದುಮಿ ಎಡಕ್ಕೆ ತಿರುಗಿಸಿ. ಒಳಗಿರುವ ಸಿಆರ್2032 ಬ್ಯಾಟರಿ ತೆಗೆದರೆ ಅದರ ಕೆಲಸ ನಿಂತುಹೋಗುತ್ತದೆ. ಆ ಬ್ಯಾಟರಿಯನ್ನು ಮನೆಗೆ ಬಂದ ಮೇಲೆ ತೆಗೆದರೆ ಕೊನೆಯದಾಗಿ ದಾಖಲಾಗುವ ಜಾಗ ಮನೆಯದೇ ಆಗಿರುತ್ತದೆ.