8 ಇಂಚಿನ ಕೈ ಸೀಲಿಂಗ್ ಮೆಷಿನ್: ಒಂದು ವರ್ಷ ಬಳಸಿದ ಮೇಲೆ

ನಾನು ಕೊಪ್ಪಳದಲ್ಲಿ ಬಿ.ಕಾಂ ಓದುತ್ತಿದ್ದೇನೆ, ಕೊನೆಯ ವರ್ಷ. ಊರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಒಂದು ವರ್ಷದಿಂದ ಅವ್ವ ಮಾಡುವ ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, 100 ಗ್ರಾಂ ಪ್ಯಾಕೆಟ್ ಮಾಡಿ ಮಾರುತ್ತಿದ್ದೇನೆ. ಪ್ಯಾಕೆಟ್ ಬಾಯಿ ಮುಚ್ಚುವುದಕ್ಕೆ ಒಂದು ಕೈ ಸೀಲಿಂಗ್ ಮೆಷಿನ್ ಇದೆ. ಕಾಲೇಜಿನ ಜೂನಿಯರ್‌ಗಳು ಅದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಎಷ್ಟು ರೂಪಾಯಿ ಅಕ್ಕಾ, ತಗೊಳ್ಳಲಾ ಬೇಡವಾ ಅಂತ. ಒಬ್ಬೊಬ್ಬರಿಗೆ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಮೆಷಿನ್ ಅಂದರೆ ಏನು ಅಂತ ಹೇಳುತ್ತೇನೆ. ದೊಡ್ಡ ಸ್ಟೇಪ್ಲರ್ ಥರ ಕಾಣುತ್ತದೆ. ಕೆಳಗೆ ಚಪ್ಪಟೆಯಾದ ತೆಳು ತಂತಿ ಇರುತ್ತದೆ. ಅದು ಕರೆಂಟ್ ಹರಿದರೆ ಬೇಗ ಬಿಸಿಯಾಗುವ ನೈಕ್ರೋಮ್ ತಂತಿ. ಅದರ ಮೇಲೆ, ಪ್ಲಾಸ್ಟಿಕ್ ಅಂಟದ ಹಾಗೆ, ಕಂದು ಬಣ್ಣದ ಟೆಫ್ಲಾನ್ ಪಟ್ಟಿ. ಮೇಲಿನ ಹಿಡಿಕೆಗೆ ರಬ್ಬರ್ ಪಟ್ಟಿ. ಪ್ಯಾಕೆಟ್ ಬಾಯಿಯನ್ನು ನಡುವೆ ಇಟ್ಟು ಹಿಡಿಕೆ ಒತ್ತಿದರೆ ಕೆಂಪು ಲೈಟ್ ಹತ್ತುತ್ತದೆ, ಒಂದೆರಡು ಸೆಕೆಂಡಿಗೆ ಆರುತ್ತದೆ. ಅಷ್ಟೇ ಕೆಲಸ. ಪಕ್ಕದಲ್ಲಿ 1ರಿಂದ 8ರವರೆಗೆ ತಿರುಗಿಸುವ ಗುಂಡಿ ಇದೆ. ಅದು ತಂತಿ ಎಷ್ಟು ಹೊತ್ತು ಬಿಸಿಯಾಗಬೇಕು ಅಂತ ಹೇಳುವ ಗುಂಡಿ. ಒತ್ತಿದಾಗ ಮಾತ್ರ ಕರೆಂಟ್ ತಗೊಳ್ಳುತ್ತದೆ. ನನ್ನದು 300 ವಾಟ್‌ನದು. 40 ಪ್ಯಾಕೆಟ್ ಸೀಲ್ ಮಾಡಿದರೂ ಒಂದು ಯೂನಿಟ್ಟಿನ ಐವತ್ತನೇ ಒಂದು ಭಾಗ ಖರ್ಚಾಗುವುದಿಲ್ಲ. ಬಿಲ್ ಜಾಸ್ತಿ ಬರುತ್ತದೆ ಅಂತ ಅಪ್ಪ ಹೆದರಿದ್ದರು, ಅದಕ್ಕೇ ಲೆಕ್ಕ ಹಾಕಿ ತೋರಿಸಿದೆ.

ಹುಬ್ಬಳ್ಳಿಗೆ ಹೋದಾಗ ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ 1,150 ರೂಪಾಯಿ ಕೊಟ್ಟು ತಂದೆ. ಡಬ್ಬದ ಮೇಲಿನ ಹೆಸರು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಥರದ ಮೆಷಿನ್ ಬೇರೆ ಬೇರೆ ಹೆಸರಲ್ಲಿ ಬರುತ್ತದೆ. ನೋಡಬೇಕಾದ್ದು ಎರಡೇ. ಹೊರಗಿನ ಮೈ ಕಬ್ಬಿಣದ್ದಾ, ಪ್ಲಾಸ್ಟಿಕ್ಕಾ? ಕಬ್ಬಿಣದ್ದೇ ತಗೊಳ್ಳಿ, ಒತ್ತಿದಾಗ ಅಲುಗಾಡುವುದಿಲ್ಲ. ಡಬ್ಬದೊಳಗೆ ಬಿಡಿ ತಂತಿ ಮತ್ತು ಟೆಫ್ಲಾನ್ ಪಟ್ಟಿ ಇವೆಯಾ? ಇಲ್ಲದಿದ್ದರೆ ಕೇಳಿ ಇಸಿದುಕೊಳ್ಳಿ.

ಆದರೆ ನಿಮಗೆ ನಾನು ಹೇಳಬೇಕಾದ ದೊಡ್ಡ ಮಾತು ಬೇರೆ ಇದೆ. ಮೆಷಿನ್ ಅನ್ನು ಮೊದಲು ತರಬೇಡಿ.

ಎರಡನೇ ವರ್ಷದಲ್ಲಿ ನಮಗೆ ಒಂದು ಬಿಸಿನೆಸ್ ಐಡಿಯಾ ಬರೆದು ತರಲು ಹೇಳಿದ್ದರು. ಕ್ಲಾಸಿನಲ್ಲಿ ಹೆಚ್ಚು ಕಡಿಮೆ ಎಲ್ಲರೂ ಆ್ಯಪ್ ಬರೆದಿದ್ದರು. ನಾನೂ ಬರೆದೆ, ಮನೆಮನೆಗೆ ರೊಟ್ಟಿ ತಲುಪಿಸುವ ಆ್ಯಪ್. ಆರು ಪುಟ. ರಾತ್ರಿ ಎಲ್ಲಾ ಕೂತು ಲೋಗೋ ಕೂಡ ಮಾಡಿದ್ದೆ. ಮೇಡಂ ಓದಿ, "ಇದನ್ನ ಯಾರಾದರೂ ನಿನಗೆ ಕೇಳಿದ್ದಾರೇನವ್ವಾ?" ಅಂದರು. ಯಾರೂ ಕೇಳಿರಲಿಲ್ಲ. ಬೇಜಾರಾಯಿತು, ನಿಜ. ಆದರೆ ರೂಮಿಗೆ ಬಂದು ಯೋಚನೆ ಮಾಡಿದರೆ, ನನ್ನನ್ನು ದಿನಾ ಕೇಳುತ್ತಿದ್ದ ವಸ್ತು ಒಂದಿತ್ತು. ನಾವು ನಾಲ್ಕು ಹುಡುಗಿಯರು ಬಾಡಿಗೆ ರೂಮಿನಲ್ಲಿದ್ದೇವೆ. ಪ್ರತಿ ಸೋಮವಾರ ಊರಿಂದ ತರುವ ಹಿಂಡಿ ಡಬ್ಬಿ ಬುಧವಾರಕ್ಕೆ ಖಾಲಿ. ಪಕ್ಕದ ರೂಮಿನವರೂ ಬಟ್ಟಲು ಹಿಡಿದು ಬರುತ್ತಿದ್ದರು. ಮೆಸ್ಸಿನ ಸಾರಿಗೆ ರುಚಿ ಇರುವುದಿಲ್ಲ, ಎರಡು ಚಮಚ ಹಿಂಡಿ, ಮೇಲೊಂದಿಷ್ಟು ಎಣ್ಣೆ ಇದ್ದರೆ ಊಟ ಸೇರುತ್ತದೆ. ಒಂದು ವರ್ಷ ಇದು ಕಣ್ಣೆದುರಿಗೇ ನಡೆದಿತ್ತು. ನಾನು ಅದನ್ನು ವ್ಯಾಪಾರ ಅಂತ ನೋಡಿರಲಿಲ್ಲ.

ಮೊದಲ ಸಲ ಹತ್ತು ಪ್ಯಾಕೆಟ್ ಮಾಡಿದೆ. ಸಾದಾ ಕವರ್, ಬಾಯಿ ಮುಚ್ಚಲು ಮೇಣದಬತ್ತಿ. ಕವರ್ ಅಂಚನ್ನು ಹ್ಯಾಕ್ಸಾ ಬ್ಲೇಡಿಗೆ ಮಡಚಿ ಜ್ವಾಲೆಯ ಮೇಲೆ ಎಳೆದರೆ ಅಂಟಿಕೊಳ್ಳುತ್ತದೆ. ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಹಿಂದೆ ಹೀಗೇ ಮಾಡುತ್ತಿದ್ದರು, ಅಲ್ವಾ. ಹತ್ತೂ ಒಂದೇ ಸಂಜೆ ಹೋದವು. ಎರಡನೇ ಸಲ ಇಪ್ಪತ್ತು. ಮೂರನೇ ಸಲ ಬೆರಳು ಸುಟ್ಟುಕೊಂಡೆ, ಮೇಲೆ ಕೇಳುವವರು ಜಾಸ್ತಿ ಆಗಿದ್ದರು. ಆಗ ಮೆಷಿನ್ ತಂದೆ, ಸ್ಕಾಲರ್‌ಶಿಪ್ ದುಡ್ಡಿನಲ್ಲಿ. ಸಾಲ ಮಾಡಲಿಲ್ಲ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ ಅಂತ ಗೆಳತಿಯರು ಹೇಳಿದರು. ಆದರೆ 1,150 ರೂಪಾಯಿಯ ಕೆಲಸಕ್ಕೆ ಅಷ್ಟು ದುಡ್ಡು ತಂದು ನಾನು ಏನು ಮಾಡಲಿ?

ಮೆಷಿನ್ ಬಂದ ಮೇಲೆ ಎಲ್ಲಾ ಸಲೀಸಾಯಿತು ಅಂದುಕೊಂಡರೆ ತಪ್ಪು. ಮೊದಲ 40 ಪ್ಯಾಕೆಟ್‌ನಲ್ಲಿ ಹನ್ನೊಂದು ವಾಪಸ್ ಬಂದವು. ಪಕ್ಕದ ರೂಮಿನ ಅಕ್ಕ ಒಬ್ಬರು ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡು ಬಂದು, "ಮೆತ್ತಗಾಗೇತಿ ನೋಡಬೇ, ವಾಸನೀನೂ ಬರಾಕತ್ತೇತಿ" ಅಂದರು. ಅಳು ಬಂತು. ಎಲ್ಲರಿಗೂ ದುಡ್ಡು ವಾಪಸ್ ಕೊಟ್ಟೆ. ಆಮೇಲೆ ಒಂದು ಭಾನುವಾರ ಪೂರ್ತಿ ಕೂತು ಕಾರಣ ಹುಡುಕಿದೆ. ಮೂರು ಸಿಕ್ಕವು.

ಒಂದು, ನಾನು ಹಿಂಡಿ ಬೆಚ್ಚಗಿದ್ದಾಗಲೇ ತುಂಬಿದ್ದೆ. ಒಳಗೆ ಹಬೆ ಹನಿಯಾಗಿ ಕೂತಿತ್ತು. ಶೇಂಗಾದಲ್ಲಿ ಎಣ್ಣೆ ಜಾಸ್ತಿ. ಗಾಳಿ, ಬೆಳಕು, ತೇವ ತಾಗಿದರೆ ಬೇಗ ಕಮಟು ಹಿಡಿಯುತ್ತದೆ. ಈಗ ಹುರಿದ ಶೇಂಗಾವನ್ನೂ ಪೂರ್ತಿ ಆರಿಸುತ್ತೇವೆ, ಕುಟ್ಟಿದ ಹಿಂಡಿಯನ್ನೂ ತಟ್ಟೆಯಲ್ಲಿ ಹರವಿ ಮೂರು ನಾಲ್ಕು ಗಂಟೆ ಬಿಡುತ್ತೇವೆ. ಎರಡು, ಪ್ಯಾಕೆಟ್ ಬಾಯಿಗೆ ಪುಡಿ ಅಂಟಿತ್ತು. ಸೀಲ್ ಆಗುವ ಜಾಗದಲ್ಲಿ ಎಣ್ಣೆ ಪುಡಿ ಒಂದಿಷ್ಟು ಇದ್ದರೂ ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿಗೆ ಕೂಡಿಕೊಳ್ಳುವುದಿಲ್ಲ. ಈಗ ದಪ್ಪ ಕಾಗದ ಸುತ್ತಿ ಆಲಿಕೆ ಮಾಡಿ ತುಂಬುತ್ತೇನೆ, ಬಾಯಿಯನ್ನು ಒಣ ಬಟ್ಟೆಯಿಂದ ಒರೆಸುತ್ತೇನೆ. ಮೂರು, ಲೈಟ್ ಆರಿದ ತಕ್ಷಣ ಹಿಡಿಕೆ ಬಿಡುತ್ತಿದ್ದೆ. ಬಿಡಬಾರದು. ಕರಗಿದ ಪ್ಲಾಸ್ಟಿಕ್ ಗಟ್ಟಿಯಾಗುವವರೆಗೆ ಮನಸ್ಸಿನಲ್ಲಿ ಎರಡು ಎಣಿಸಿ ಬಿಡಬೇಕು.

ಗುಂಡಿ ಎಷ್ಟಕ್ಕೆ ಇಡಬೇಕು ಅನ್ನುವುದು ಪೌಚ್ ಮೇಲೆ ಹೋಗುತ್ತದೆ. ತೆಳು ಕವರ್ ನನಗೆ 2ಕ್ಕೆ ಸಾಕು, 5ಕ್ಕೆ ಇಟ್ಟರೆ ಕರಗಿ ತೂತು. ಹಿಂದೆ ಬೆಳ್ಳಿ ಬಣ್ಣ, ಮುಂದೆ ಪಾರದರ್ಶಕ ಇರುವ ನಿಲ್ಲುವ ಪೌಚ್‌ಗೆ 4 ಬೇಕು. ಸಂಜೆ ಹೊತ್ತು ನಮ್ಮೂರಲ್ಲಿ ವೋಲ್ಟೇಜ್ ಇಳಿಯುತ್ತದೆ, ಆಗ 5. ಪ್ರತಿ ಸಲ ಶುರು ಮಾಡುವ ಮುಂಚೆ ಒಂದು ಖಾಲಿ ಪೌಚ್ ಸೀಲ್ ಮಾಡಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಒತ್ತಿ ನೋಡುತ್ತೇನೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುತ್ತಾರಲ್ಲ, ಹಾಗೆ. ಗುಳ್ಳೆ ಬಂದರೆ ಗುಂಡಿ ಒಂದು ಮನೆ ಮೇಲಕ್ಕೆ. ಅವ್ವನಿಗೆ ಅಂಕಿ ಸಣ್ಣದಾಗಿ ಕಾಣುತ್ತದೆ ಅಂತ 4ರ ಮೇಲೆ ಕುಂಕುಮ ಇಟ್ಟುಕೊಂಡಿದ್ದಾರೆ. ನಾನು ಪರೀಕ್ಷೆಗೆ ಓದುವಾಗ ಅವರೇ ಸೀಲ್ ಮಾಡುತ್ತಾರೆ.

ಸುರಕ್ಷತೆ ಬಗ್ಗೆ ಒಂದು ಮಾತು. ಸೀಲ್ ಎಷ್ಟು ಚೆನ್ನಾಗಿದ್ದರೂ ಒಳಗಿನ ಶೇಂಗಾ ಕೆಟ್ಟಿದ್ದರೆ ಏನೂ ಉಪಯೋಗವಿಲ್ಲ. ತೇವ ಹಿಡಿದು ಬೂಸು ಬಂದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಬೆಳೆಯಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಅದಕ್ಕೇ ಕಪ್ಪು, ಸುಕ್ಕು, ಬೂಸು ಬೀಜಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತೇವೆ. ಇದನ್ನು ಬಿಟ್ಟು ವ್ಯಾಪಾರ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ದುಡ್ಡಿನ ವಿಷಯ. ಮೆಷಿನ್ ಬಂದ ಮೇಲೇ ನಾನು ಲೆಕ್ಕ ಬರೆಯಲು ಶುರು ಮಾಡಿದ್ದು, ಅದರ 1,150 ಯಾವಾಗ ವಾಪಸ್ ಬರುತ್ತದೆ ಅಂತ ನೋಡಲು. ನಾಲ್ಕು ಕೆಜಿ ಶೇಂಗಾ ಬೀಜಕ್ಕೆ 520 ರೂಪಾಯಿ. ಹುರಿದು ಸಿಪ್ಪೆ ತೆಗೆದರೆ ಮೂರೂವರೆ ಕೆಜಿ ಚಿಲ್ಲರೆ ಉಳಿಯುತ್ತದೆ. ಖಾರ, ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ಉಪ್ಪು ಸೇರಿ 160. 40 ಪೌಚ್‌ಗೆ 160. ಸ್ಟಿಕ್ಕರ್ 80. ಗ್ಯಾಸ್, ಬಸ್ಸಿನ ಲಗೇಜು 80. ಒಟ್ಟು 1,000. ಒಂದು ಪ್ಯಾಕೆಟ್‌ಗೆ 25 ಬಿತ್ತು. 30ಕ್ಕೆ ಮಾರುತ್ತಿದ್ದೆ. 200 ರೂಪಾಯಿ ಲಾಭ ಅಂತ ಖುಷಿಯಿಂದ ಅವ್ವನಿಗೆ ಓದಿ ಹೇಳಿದೆ.

ಅವ್ವ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಇದರಾಗ ನನ್ನ ಕೂಲಿ ಎಲ್ಲೈತಿ?"

ಎಲ್ಲೂ ಇರಲಿಲ್ಲ. ಹುರಿಯುವುದು, ಸಿಪ್ಪೆ ತಿಕ್ಕಿ ಕೇರುವುದು, ಒಳಕಲ್ಲಿನಲ್ಲಿ ಕುಟ್ಟುವುದು, ಎಲ್ಲಾ ಸೇರಿ ಅವರಿಗೆ ಒಂದು ದಿನ ಹಿಡಿಯುತ್ತದೆ. ಆ ದಿನ ಹೊಲದ ಕೆಲಸಕ್ಕೆ ಹೋಗಿದ್ದರೆ 300 ರೂಪಾಯಿ ತರುತ್ತಿದ್ದರು. ಅದನ್ನು ಸೇರಿಸಿದರೆ ನಾನು ಪ್ರತಿ ಸಲ 100 ರೂಪಾಯಿ ನಷ್ಟದಲ್ಲಿದ್ದೆ. ಕಾಲೇಜಿನಲ್ಲಿ ಕಾಸ್ಟ್ ಅಕೌಂಟಿಂಗ್ ಓದುವ ಹುಡುಗಿ ಮನೆಯೊಳಗಿನ ಕೂಲಿಯನ್ನು ಬಿಟ್ಟಿದ್ದೆ. ಮನೆಯಲ್ಲಿ ಹೆಂಗಸರು ಮಾಡುವ ಕೆಲಸಕ್ಕೆ ಬೆಲೆ ಕಟ್ಟುವ ರೂಢಿಯೇ ನಮಗಿಲ್ಲ. ಅವತ್ತಿಂದ ನೋಟ್‌ಬುಕ್ಕಿನ ಮೊದಲ ಸಾಲು ಅವ್ವನ ಕೂಲಿ. ಮೊದಲು ಅದನ್ನು ಕೈಗೆ ಕೊಟ್ಟು ಆಮೇಲೆ ಉಳಿದ ಲೆಕ್ಕ.

ಬೆಲೆ 40 ಮಾಡಿದೆ. ಮೊದಲ ವಾರ 40ರಲ್ಲಿ 22 ಮಾತ್ರ ಹೋದವು. ಬಿಟ್ಟವರನ್ನು ಹೋಗಿ ಕೇಳಿದೆ. ರುಚಿ ಬಗ್ಗೆ ಯಾರೂ ದೂರಲಿಲ್ಲ, ತಿಂಗಳ ಕೊನೆಯಲ್ಲಿ ಒಮ್ಮೆಲೇ 40 ಕೊಡಲು ಆಗುವುದಿಲ್ಲ ಅಂದರು. 50 ಗ್ರಾಂ ಪ್ಯಾಕೆಟ್ 20ಕ್ಕೆ ಮಾಡಿದೆ. ಲೆಕ್ಕ ಹಾಕಿದರೆ ಅದರಲ್ಲಿ ಉಳಿಯುವುದು ಎರಡು ರೂಪಾಯಿಯೂ ಇಲ್ಲ, ಯಾಕಂದರೆ ಸಣ್ಣ ಪೌಚ್, ಸ್ಟಿಕ್ಕರ್ ಬೆಲೆ ಅರ್ಧ ಆಗುವುದಿಲ್ಲ. ದೊಡ್ಡ ಪ್ಯಾಕೆಟ್‌ನಲ್ಲಿ ಏಳೂವರೆ ಉಳಿಯುತ್ತದೆ. ಸಣ್ಣದನ್ನು ಈಗಲೂ ಇಟ್ಟಿದ್ದೇನೆ, ಹೊಸಬರು ರುಚಿ ನೋಡಲಿ ಅಂತ. 100 ಗ್ರಾಮಿನದನ್ನು ಖಾಯಂ ತಗೊಳ್ಳುವವರು ಬೇರೆಯವರು: ಕೆಲಸಕ್ಕಾಗಿ ಊರು ಬಿಟ್ಟು ಬಂದು ರೂಮು ಮಾಡಿಕೊಂಡವರು, ಕಾಲೇಜಿನ ಇಬ್ಬರು ಮೇಡಂ, ಒಂದು ಖಾನಾವಳಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಗೆಳತಿಯ ಸೋದರಮಾವನ ಬಳೆ ಅಂಗಡಿಯ ಮೂಲೆಯಲ್ಲಿ ಇಟ್ಟಿದ್ದೆ. ಎರಡು ದಿನಕ್ಕೆ 60 ಹೋದವು. ಆ ಜಾತ್ರೆಯ ದಾಸೋಹಕ್ಕೆ ಊರೂರಿಂದ ಜೋಳದ ರೊಟ್ಟಿ ಗಾಡಿ ತುಂಬಿ ಬರುತ್ತವೆ, ಅವ್ವನೂ ಪ್ರತಿ ವರ್ಷ ತಟ್ಟಿ ಕಳಿಸುತ್ತಾರೆ. ದಾಸೋಹದಲ್ಲಿ ಊಟ ಮಾಡಿ ಬಂದ ಒಬ್ಬ ಅಜ್ಜಿ ನನ್ನ ಪ್ಯಾಕೆಟ್ ಹಿಡಿದು, "ಒಳಕಲ್ಲಾಗ ಕುಟ್ಟಿದ್ದೇನ?" ಅಂತ ಕೇಳಿ ನಾಲ್ಕು ತಗೊಂಡರು. ಅದಾದ ಮೇಲೆ ಸ್ಟಿಕ್ಕರಿನ ಮೇಲೆ "ಒಳಕಲ್ಲಿನಲ್ಲಿ ಕುಟ್ಟಿದ್ದು" ಅಂತ ದೊಡ್ಡದಾಗಿ ಹಾಕಿಸಿದೆ.

ಸ್ಟಿಕ್ಕರ್ ಅಂದ ಮೇಲೆ ಇದನ್ನೂ ಹೇಳಬೇಕು. ಗೆಳತಿಯರಿಗೆ ಹತ್ತು ಪ್ಯಾಕೆಟ್ ಕೊಡುವುದು ಬೇರೆ, ಅಂಗಡಿಯಲ್ಲಿ ಇಡುವುದು ಬೇರೆ. ತಿನ್ನುವ ವಸ್ತು ಮಾರಲು ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರದ, ನೋಂದಣಿ ಬೇಕೇ ಬೇಕು. ನಾನು ಮಾಡಿಸಿದಾಗ ಸಣ್ಣ ವ್ಯಾಪಾರದವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. 14 ಅಂಕಿಯ ನಂಬರ್ ಕೊಡುತ್ತಾರೆ, ಅದನ್ನು ಸ್ಟಿಕ್ಕರಿನ ಮೇಲೆ ಹಾಕಬೇಕು. ಜೊತೆಗೆ ಏನೇನು ಹಾಕಿದ್ದೀರಿ, ತೂಕ, ತಯಾರಿಸಿದ ದಿನ, ಯಾವಾಗಿನವರೆಗೆ ತಿನ್ನಬಹುದು, ವಿಳಾಸ, ಎಂಆರ್‌ಪಿ, ಸಸ್ಯಾಹಾರದ ಹಸಿರು ಗುರುತು. ಸಣ್ಣ ಉದ್ದಿಮೆ ಅಂತ ಹೆಸರು ಬರೆಸುವ ಉದ್ಯಮ್ ನೋಂದಣಿ ಬೇರೆ, ಅದು ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಇದು ಗೊತ್ತಿಲ್ಲದೆ ಒಂದು ಕಡೆ 500 ರೂಪಾಯಿ ಕೊಟ್ಟುಬಂದೆ. ನೀವು ಕೊಡಬೇಡಿ. ಆಧಾರ್ ಮತ್ತು ಪ್ಯಾನ್ ಇಟ್ಟುಕೊಂಡು ಮೊಬೈಲ್‌ನಲ್ಲೇ ಮಾಡಬಹುದು.

ಮೆಷಿನ್‌ನ ಕೊರತೆಗಳೂ ಇವೆ. ಒಂದೇ ಸಮನೆ ಐವತ್ತು ಅರವತ್ತು ಒತ್ತಿದರೆ ತಂತಿಯ ಜಾಗ ಬಿಸಿ ಏರಿ ಸೀಲ್ ಸುಕ್ಕಾಗುತ್ತದೆ, ಐದು ನಿಮಿಷ ಬಿಡಬೇಕು. ಟೆಫ್ಲಾನ್ ಪಟ್ಟಿ ಎಣ್ಣೆ ತಾಗಿ ಕಪ್ಪಾಗುತ್ತದೆ. ಒಂದು ವರ್ಷದಲ್ಲಿ ಮೂರು ಪಟ್ಟಿ, ಒಂದು ತಂತಿ ಬದಲಾಯಿಸಿದ್ದೇನೆ. ಎರಡು ಸ್ಕ್ರೂ ಬಿಚ್ಚಿದರೆ ಆಯಿತು, ಆದರೆ ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಮಾಡಿ. ಎಂಟು ಇಂಚು ಸಾಕಾ ಅಂದರೆ, ಅರ್ಧ ಕೆಜಿವರೆಗಿನ ಪೌಚ್‌ಗೆ ನನಗೆ ಸಾಕಾಗಿದೆ. ವ್ಯಾಕ್ಯೂಮ್ ಮೆಷಿನ್ ತರೋಣ ಅಂತಿದ್ದವರಿಗೆ ಹೇಳುತ್ತೇನೆ, ಪುಡಿ ಪದಾರ್ಥಕ್ಕೆ ಬೇಡ. ಗಾಳಿ ಎಳೆಯುವಾಗ ಪುಡಿಯೂ ಬಾಯಿಗೆ ಬಂದು ಕೂರುತ್ತದೆ. ದಿನಕ್ಕೆ ಇನ್ನೂರು ಮುನ್ನೂರು ಪ್ಯಾಕೆಟ್ ಮಾಡುವವರು ಕಾಲಿನಿಂದ ಒತ್ತುವ ಮೆಷಿನ್ ನೋಡಿ, ತೋಳು ಉಳಿಯುತ್ತದೆ.

ಮೆಷಿನ್‌ನ ದುಡ್ಡು ಬೆಲೆ ಏರಿಸಿದ ಮೇಲೆ ಎರಡು ತಿಂಗಳಲ್ಲಿ ವಾಪಸ್ ಬಂತು. ನನ್ನ ಮಟ್ಟಿಗೆ ಕೊಟ್ಟ ರೂಪಾಯಿಗೆ ಪೂರಾ ಬೆಲೆ ಬಂದ ವಸ್ತು ಇದು. ಕಾಲೇಜಿನ ಜೂನಿಯರ್ ಒಬ್ಬಳು ಕುಷ್ಟಗಿಯ ಕಡೆಯವಳು, ಸಜ್ಜಿ ರೊಟ್ಟಿ ಮಾರುವ ಯೋಚನೆ ಮಾಡಿದ್ದಾಳೆ. ಹೋದ ವಾರ ನಮ್ಮ ಮನೆಗೇ ಬಂದು ಹತ್ತು ರೊಟ್ಟಿ ಪೌಚಿಗೆ ಹಾಕಿ ಸೀಲ್ ಮಾಡಿ ನೋಡಿದಳು. ಬಸ್ಸಿನಲ್ಲಿ ಕೊಪ್ಪಳ ತಲುಪುವಷ್ಟರಲ್ಲಿ ಆರು ಮುರಿದಿದ್ದವು. ಈ ಭಾನುವಾರ ರಟ್ಟಿನ ಡಬ್ಬಿಯಲ್ಲಿ ಇಟ್ಟು ನೋಡುತ್ತಾಳಂತೆ. ಮೆಷಿನ್ ಕೊಂಡುಕೊಳ್ಳುವುದು ಅದಾದ ಮೇಲೆ ಅಂತ ಅವಳೇ ಹೇಳಿದಳು.