ಬ್ರೇಕ್ ಮುಟ್ಟುವ ಹಾಗಿಲ್ಲ: ‘ಸ್ಪೀಡ್’ ನೋಡಿದ ಬಸ್ ಡ್ರೈವರ್ ಹೇಳುವುದು

ನಾನು ಹೊಟ್ಟೆಪಾಡಿಗೆ ಬಸ್ ಓಡಿಸುವವನು. ಸಿನಿಮಾದಲ್ಲಿ ಗಾಡಿ ಓಡಿಸುವ ಸೀನ್ ಬಂತು ಅಂದರೆ ನನ್ನ ಪಕ್ಕ ಕೂತವರಿಗೆ ಕಷ್ಟ. ನೇರ ರಸ್ತೆಯಲ್ಲಿ ಸ್ಟೇರಿಂಗ್ ಆ ಕಡೆ ಈ ಕಡೆ ಅಲ್ಲಾಡಿಸುವ ಹೀರೋ, ಎಷ್ಟು ಸಲ ಹಾಕಿದರೂ ಮುಗಿಯದ ಗೇರು, ಡಾಂಬರಿನ ಮೇಲೂ ಏಳುವ ಧೂಳು. ನಾನು ಗೊಣಗುತ್ತಲೇ ಇರುತ್ತೇನೆ. 1994ರ ‘ಸ್ಪೀಡ್’ ಹಾಕಿದಾಗ ಮಾತ್ರ ಬಾಯಿ ಮುಚ್ಚಿಕೊಂಡು ನೋಡುತ್ತೇನೆ. ಒಂದು ಜಾಗ ಬಿಟ್ಟು. ಅದಕ್ಕೆ ಆಮೇಲೆ ಬರೋಣ.

ಕಥೆ ಮರೆತವರಿಗೆ: ಲಾಸ್ ಏಂಜಲಿಸ್‌ನ ಒಂದು ಸಿಟಿ ಬಸ್ಸಿನ ಅಡಿಯಲ್ಲಿ ಬಾಂಬ್ ಇದೆ. ಬಸ್ ಗಂಟೆಗೆ 50 ಮೈಲಿ ದಾಟಿದ ಕೂಡಲೇ ಅದು ಚಾಲೂ ಆಗುತ್ತದೆ. ಆಮೇಲೆ 50ರ ಕೆಳಗೆ ಇಳಿದರೆ ಢಮಾರ್. ಯಾರನ್ನೂ ಇಳಿಸುವ ಹಾಗೂ ಇಲ್ಲ. ಜ್ಯಾಕ್ ಅನ್ನೋ ಪೊಲೀಸ್ (ಕಿಯಾನು ರೀವ್ಸ್) ಓಡುವ ಬಸ್ಸಿಗೆ ಹತ್ತುತ್ತಾನೆ. ಡ್ರೈವರಿಗೆ ಗುಂಡೇಟು ಬಿದ್ದು, ಆನಿ ಅನ್ನೋ ಪ್ರಯಾಣಿಕಳ (ಸಾಂಡ್ರಾ ಬುಲಕ್) ಕೈಗೆ ಸ್ಟೇರಿಂಗ್ ಬರುತ್ತದೆ. ಆಕೆ ಬಸ್ಸಲ್ಲಿ ಓಡಾಡುತ್ತಿರೋದೇ ಜೋರಾಗಿ ಕಾರು ಓಡಿಸಿ ಲೈಸೆನ್ಸ್ ಕಳೆದುಕೊಂಡಿದ್ದಕ್ಕೆ!

50 ಮೈಲಿ ಅಂದರೆ ನಮ್ಮ ಲೆಕ್ಕದಲ್ಲಿ 80 ಕಿಲೋಮೀಟರ್. ಖಾಲಿ ಹೈವೇಯಲ್ಲಿ ಬಸ್ಸಿಗೆ ಅದು ದೊಡ್ಡ ವೇಗವೇ ಅಲ್ಲ. ಆದರೆ ಬಸ್ ಓಡಿಸೋದು ಅಂದರೆ ಮುಕ್ಕಾಲು ಪಾಲು ಬ್ರೇಕಿನ ಕೆಲಸ. ಮುಂದಿನ ಗಾಡಿಯವನು ಏನು ಮಾಡಬಹುದು, ತಿರುವು ಎಷ್ಟು ದೂರ ಇದೆ, ಯಾವಾಗ ಎಕ್ಸಿಲೇಟರ್‌ನಿಂದ ಕಾಲು ತೆಗೀಬೇಕು, ದಿನವೆಲ್ಲ ಇದೇ ಯೋಚನೆ. ಈ ಸಿನಿಮಾ ಡ್ರೈವರಿನಿಂದ ಕಿತ್ತುಕೊಂಡಿದ್ದು ಅದೊಂದನ್ನೇ. ಹೆಸರು ‘ಸ್ಪೀಡ್’, ಹೆದರಿಕೆ ಪೂರ್ತಿ ಬ್ರೇಕಿನದು. ಸಿನಿಮಾ ಹಳತಾಗದೇ ಇರುವುದಕ್ಕೆ ನನ್ನ ಪ್ರಕಾರ ಇದೇ ಕಾರಣ. ಈಗಿನ ಆಕ್ಷನ್ ಸಿನಿಮಾಗಳಲ್ಲಿ ಊರಿಗೆ ಊರೇ ಕುಸಿದು ಬೀಳುತ್ತೆ, ನಾವು ಆರಾಮಾಗಿ ಏನಾದ್ರೂ ತಿನ್ನುತ್ತಾ ನೋಡುತ್ತೇವೆ. ಇಲ್ಲಿ ಮೀಟರಿನ ಮುಳ್ಳು ಒಂದು ಚೂರು ಕೆಳಗೆ ಬಂದರೆ ಸಾಕು, ಕೂತಲ್ಲೇ ನನ್ನ ಬಲಗಾಲು ನೆಲ ಒತ್ತುತ್ತದೆ.

ಒಂದು ತಿರುವಿನ ಸೀನ್ ಇದೆ. ಅದನ್ನೇ ಹಿಂದೆ ಮುಂದೆ ಮಾಡಿ ಎಷ್ಟೋ ಸಲ ನೋಡಿದ್ದೇನೆ. ಬಸ್ಸು ಊರೊಳಗಿನ ರಸ್ತೆಗೆ ಇಳಿದಿದೆ. ಮುಂದೆ ಚೂಪಾದ ತಿರುವು. ಸಾಮಾನ್ಯವಾಗಿ ನಾವು ಅಂಥ ಕಡೆ 20ಕ್ಕೋ 25ಕ್ಕೋ ಇಳಿಸಿ ತಿರುಗಿಸುತ್ತೇವೆ. ಇವರು 80ರಲ್ಲೇ ತಿರುಗಿಸಬೇಕು. ಅಷ್ಟು ವೇಗದಲ್ಲಿ ತಿರುಗಿದರೆ ಗಾಡಿ ಹೊರಮಗ್ಗುಲಿಗೆ ವಾಲುತ್ತದೆ, ಒಳಗಿನ ಚಕ್ರ ನೆಲ ಬಿಡುತ್ತದೆ. ಜ್ಯಾಕ್ ಏನು ಮಾಡ್ತಾನೆ? ಎಲ್ಲರನ್ನೂ ಒಂದೇ ಮಗ್ಗುಲಿಗೆ ಬರೋಕೆ ಕೂಗುತ್ತಾನೆ. ಜನ ಒಬ್ಬರ ಮೇಲೊಬ್ಬರು ಬಿದ್ದು ಆ ಕಡೆ ಒತ್ತಿಕೊಳ್ಳುತ್ತಾರೆ. ಚಕ್ರ ಎದ್ದು ಮತ್ತೆ ಧಪ್ ಅಂತ ಕೂರುತ್ತದೆ. ಅಷ್ಟು ಜನರ ತೂಕದಿಂದ ನಿಜವಾಗಿ ಬಸ್ ಉಳಿಯುತ್ತಾ ಅಂದರೆ ನನಗೆ ಅನುಮಾನವೇ. ಆದರೆ ಯೋಚನೆ ಸರಿಯಾದ ದಿಕ್ಕಿನದು. ಪ್ರಯಾಣಿಕರನ್ನೇ ಲೋಡ್ ಅಂತ ಲೆಕ್ಕ ಹಾಕಿದ ಸಿನಿಮಾ ಬೇರೆ ನಾನು ನೋಡಿಲ್ಲ.

ಪ್ರಯಾಣಿಕರೂ ಅಷ್ಟೇ, ಸುಮ್ನೆ ಸೀಟು ತುಂಬಿಸೋಕೆ ಬಂದವರಲ್ಲ. ಊರು ನೋಡೋಕೆ ಬಂದು ಸಿಕ್ಕಿಹಾಕಿಕೊಂಡವನು, ಪೊಲೀಸ್ ತನ್ನನ್ನೇ ಹಿಡಿಯೋಕೆ ಬಂದ ಅಂತ ಪಿಸ್ತೂಲು ತೆಗೆಯುವ ಕಳ್ಳ, ಹೆದರಿ ಇಳಿದೇ ಇಳಿಯುತ್ತೇನೆ ಅನ್ನುವ ಹೆಂಗಸು. ಆಕೆ ಮೆಟ್ಟಿಲಿಗೆ ಕಾಲಿಟ್ಟಾಗ ಏನಾಗುತ್ತೆ ಅಂತ ಹೇಳಲ್ಲ. ಅಲ್ಲಿಂದ ಮುಂದೆ ಬಾಂಬ್ ತಮಾಷೆಯಲ್ಲ ಅಂತ ಖಾತ್ರಿಯಾಗುತ್ತದೆ. ಡ್ರೈವರ್ ಸ್ಯಾಮ್ ನನಗೆ ತುಂಬಾ ಇಷ್ಟ. ಸ್ಟಾಪ್ ಅಲ್ಲದ ಕಡೆ ಆನಿ ಓಡಿ ಬಂದರೆ ನಿಲ್ಲಿಸಿ ಹತ್ತಿಸಿಕೊಳ್ಳುತ್ತಾನೆ, ಜೊತೆಗೆ ಇದು ಸ್ಟಾಪ್ ಅಲ್ಲ ಅಂತ ಒಂದು ಮಾತೂ ಹೇಳುತ್ತಾನೆ. ನಾವೆಲ್ಲ ಮಾಡೋದು ಅದನ್ನೇ ಅಲ್ವಾ?

ನಿರ್ದೇಶಕ ಯಾನ್ ಡಿ ಬಾಂಟ್‌ಗೆ ಇದು ಮೊದಲ ಚಿತ್ರ. ಅದಕ್ಕೂ ಮೊದಲು ‘ಡೈ ಹಾರ್ಡ್’ನಂಥ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದವರು. ಬಸ್ಸಿನ ಒಳಗೆ ಯಾರು ಎಲ್ಲಿದ್ದಾರೆ, ಹೊರಗೆ ಯಾವ ಗಾಡಿ ಯಾವ ಕಡೆ ಇದೆ ಅನ್ನೋದು ಒಂದು ಕ್ಷಣವೂ ಗೊಂದಲವಾಗಲ್ಲ. ಅವರಿಗೆ ಅದೃಷ್ಟವೂ ಇತ್ತು: ಹೊಸದಾಗಿ ಕಟ್ಟಿದ ಫ್ರೀವೇ ಒಂದು ಜನರಿಗೆ ತೆರೆಯುವ ಮೊದಲೇ ಶೂಟಿಂಗಿಗೆ ಸಿಕ್ಕಿತ್ತು. ಬಸ್ಸುಗಳು ನಿಜವಾಗಿ ಓಡಿದ್ದು ಕಣ್ಣಿಗೆ ಗೊತ್ತಾಗುತ್ತದೆ. ಕಿವಿಗೂ ಅಷ್ಟೇ. ಜನ ಮಾತಾಡುವಾಗಲೂ ಇಂಜಿನ್ ಸದ್ದು ಹಿಂದೆ ನಿಲ್ಲದೆ ಗುರುಗುಟ್ಟುತ್ತಿರುತ್ತದೆ. ಸೌಂಡಿಗೇ ಎರಡು ಆಸ್ಕರ್ ಬಂದಿದ್ದು ಸುಮ್ನೆ ಅಲ್ಲ. ನೋಡೋರು ದಯವಿಟ್ಟು ಮೊಬೈಲಿನ ಸ್ಪೀಕರಿನಲ್ಲಿ ನೋಡಬೇಡಿ.

ಈಗ ಆ ಜಾಗ. ಫ್ರೀವೇಯಲ್ಲಿ 50 ಅಡಿ ಸೇತುವೆ ಇನ್ನೂ ಕಟ್ಟಿಲ್ಲ, ಬಸ್ಸು ಅದನ್ನು ಹಾರಿ ಆಚೆ ಇಳಿಯುತ್ತದೆ. ಆಗಲ್ಲ ಸ್ವಾಮಿ. ಸಮತಟ್ಟು ರಸ್ತೆಯ ಅಂಚು ದಾಟಿದ ಬಸ್ಸಿನ ಮೂತಿ ಕೆಳಗೆ ಬಗ್ಗಬೇಕು, ಇಲ್ಲಿ ಮೇಲೇಳುತ್ತದೆ. ಚಿತ್ರೀಕರಣದಲ್ಲಿ ನಿಜವಾದ ಬಸ್ಸನ್ನೇ ರ‍್ಯಾಂಪ್ ಹತ್ತಿಸಿ ಹಾರಿಸಿದ್ದು. ರಸ್ತೆ ಪೂರ್ತಿ ಇತ್ತು, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದ್ದು. ಅಷ್ಟು ಹೊತ್ತು ಲೆಕ್ಕ ತಪ್ಪದೆ ಬಂದವರು ಇಲ್ಲಿ ಯಾಕೆ ಹೀಗೆ ಮಾಡಿದರೋ! ಆದರೂ ನೋಡುವಾಗ ಉಸಿರು ಹಿಡಿದಿರುತ್ತೇನೆ ಅನ್ನೋದೂ ನಿಜ.

ವಿಲನ್ ಡೆನಿಸ್ ಹಾಪರ್ ಸ್ವಲ್ಪ ಜಾಸ್ತಿ ಕಿರುಚಾಡುತ್ತಾರೆ. ಆದರೆ ಆತ ಬಸ್ಸಿನೊಳಗಿನದನ್ನೆಲ್ಲ ಕ್ಯಾಮೆರಾದಲ್ಲಿ ನೋಡುತ್ತಿದ್ದಾನೆ ಅಂತ ಜ್ಯಾಕ್‌ಗೆ ಹೊಳೆಯುವ ರೀತಿ, ಆಮೇಲೆ ಅವನನ್ನು ಏಮಾರಿಸುವ ರೀತಿ ಎರಡೂ ಚೆನ್ನಾಗಿವೆ. ಟೇಪ್, ಟಿವಿ, ಹಳೇ ಫೋನು ಎಲ್ಲ ಈಗ ಕಾಲ ಮೀರಿದ ಸಾಮಾನು. ಇದೇ ಕಥೆ ಈಗಿನ ಬಸ್ಸಿನಲ್ಲಿ ನಡೆದಿದ್ದರೆ ಅರ್ಧ ಜನ ಮೊಬೈಲಿನಲ್ಲಿ ಲೈವ್ ಹೋಗಿರುತ್ತಿದ್ದರು, ಆ ಉಪಾಯ ನಡೆಯುತ್ತಲೇ ಇರಲಿಲ್ಲ.

ಸಿನಿಮಾ ಲಿಫ್ಟಿನಲ್ಲಿ ಶುರುವಾಗಿ, ಬಸ್ಸಿಗೆ ಬಂದು, ಸುರಂಗದ ರೈಲಿನಲ್ಲಿ ಮುಗಿಯುತ್ತದೆ. ಲಿಫ್ಟಿನ ಭಾಗ ಬಿಗಿಯಾಗಿದೆ, ತಪ್ಪಿಸಬೇಡಿ. ರೈಲಿನ ಭಾಗಕ್ಕೆ ಬಂದಾಗ ಆ 50ರ ಲೆಕ್ಕ ಮುಗಿದಿರುತ್ತದೆ, ಉಳಿಯುವುದು ಮಾಮೂಲಿ ಹೊಡೆದಾಟ. 1997ರಲ್ಲಿ ಎರಡನೇ ಭಾಗ ಹಡಗಿನ ಮೇಲೆ ಬಂತು, ಕಿಯಾನು ಅದರಲ್ಲಿ ಇಲ್ಲ, ಅದರ ಗೊಡವೆ ನಿಮಗೂ ಬೇಡ. ಸಮಯ ಕಡಿಮೆ ಇದ್ದರೆ ಬಸ್ಸು ಏರ್‌ಪೋರ್ಟಿಗೆ ನುಗ್ಗಿ, ಅಲ್ಲಿನ ಕಥೆ ಮುಗಿಯುವವರೆಗೆ ನೋಡಿ ಆಫ್ ಮಾಡಿ. ನಾನು ಎಷ್ಟೋ ಸಲ ಹಾಗೇ ಮಾಡುತ್ತೇನೆ.